ಏಳು ಗಂಟಿನ ಸೀಸೆ

ಆ ಏಳು ಸೀಸೆಗಳನ್ನು ತಂದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮದರಾಸಿನ ಪಲ್ಲಾವರಂ ಶುಕ್ರವಾರದ ಸಂತೆಯಲ್ಲಿ ಹಳೇ ಫ್ಯಾನು, ಚಕ್ರವಿಲ್ಲದ ಸೈಕಲ್ಲು, ಯಾರೋ ಹಾಕಿ ಬಿಟ್ಟ ಬೂಟು ಎಲ್ಲ ರಾಶಿ ಹಾಕಿಕೊಂಡು ಕೂತಿದ್ದ ಒಬ್ಬನ ಹತ್ತಿರ ತಂದದ್ದು. ಉಪ್ಪಿನಕಾಯಿಗೆ ಹಾಕುವಂಥ ದಪ್ಪ ಗಾಜು. ಒಂದೊಂದರ ಮುಚ್ಚಳ ಬಿಗಿಮಾಡಿ ಬಕೆಟ್ಟಿನ ನೀರಲ್ಲಿ ಮುಳುಗಿಸಿ, ಗುಳ್ಳೆ ಬರುತ್ತಾ ನೋಡಿ, ಬಂದದ್ದನ್ನು ಅವನ ಮುಖದ ಮುಂದೇ ಪಕ್ಕಕ್ಕಿಟ್ಟೆ. "ಪಾಟೀ, ಸೀಸೆ ವಾಂಗ ವಂದೀಂಗಳಾ, ಮೀನ್ ಪಿಡಿಕ್ಕ ವಂದೀಂಗಳಾ?" ಅಂದ. ಅಜ್ಜಿ, ಸೀಸೆ ಕೊಳ್ಳೋಕೆ ಬಂದ್ರಾ, ಮೀನು ಹಿಡಿಯೋಕಾ ಅಂತ. ಹದಿನೈದು ನೋಡಿದ ಮೇಲೆ ಏಳು ಸಿಕ್ಕವು.

ಅವು ನಮ್ಮ ಮನೆಗಲ್ಲ, ಲ್ಯಾಬಿಗೆ. ಪಲ್ಲಾವರಂ ಹತ್ತಿರದ ಒಂದು ಕಾಲೇಜಿನ ಲ್ಯಾಬಿನಲ್ಲಿ ನಾನು ಗಾಜಿನ ಸಾಮಾನು ತೊಳೆದು, ನೆಲ ಒರೆಸುತ್ತಿದ್ದೆ. ನನ್ನ ಗಂಡ ರೈಲ್ವೆ ಕ್ಯಾಂಟೀನಿನಲ್ಲಿ ಅಡುಗೆಗಿದ್ದ. ಅವನು ಹೋದ ಮೇಲೆ ನಾನು ಈ ಕೆಲಸ ಹಿಡಿದೆ. ಮನೆ ವೆಸ್ಟ್ ಮಾಂಬಲಂನಲ್ಲಿ, ಹಿಂದಿನ ಪೋರ್ಷನ್ನು. ಮುಂದಿನ ಪೋರ್ಷನ್ನಿನಲ್ಲಿ ಮೈದುನ, ಅವನ ಹೆಂಡತಿ, ಮಕ್ಕಳು. ನಾನು ಓದಿದ್ದು ಮೂರನೇ ಕ್ಲಾಸು. ಕನ್ನಡ ಅಕ್ಷರ ಒಂದೊಂದಾಗಿ ಕೂಡಿಸಿ ಬರೆಯುತ್ತೇನೆ, ತಮಿಳು ಬಸ್ಸಿನ ಬೋರ್ಡು ನೋಡಿ ಕಲಿತೆ, ಇಂಗ್ಲಿಷಿನಲ್ಲಿ ಅಂಕಿ ಮಾತ್ರ ಗೊತ್ತು. ಅಂಕಿ ಸಾಕಾಗಿತ್ತು.

ಲ್ಯಾಬಿನ ಮೇಡಂ ಮಾಡುತ್ತಿದ್ದ ಕೆಲಸ ಏನಂದರೆ, ಮೊಟ್ಟೆಯ ಬಿಳಿಯಿಂದ ತೆಗೆದ ಒಂದು ಪುಡಿ ಇದೆ. ಅದನ್ನು ಒತ್ತಿ ಮಾತ್ರೆಯ ಹಾಗೆ ಬಿಲ್ಲೆ ಮಾಡುತ್ತಾರೆ. ಬಿಲ್ಲೆಯ ಎರಡೂ ಕಡೆ ಲೋಹದ ತಟ್ಟೆ ಒತ್ತಿ ಕರೆಂಟು ಕೊಡುತ್ತಾರೆ. ಎಷ್ಟು ಹರಿಯಿತು ಅಂತ ಪೆಟ್ಟಿಗೆಯ ಮೇಲೆ ಅಂಕಿ ಬೀಳುತ್ತೆ. ಬಿಲ್ಲೆ ಒಣಗಿದ್ದರೆ ಕಲ್ಲಿದ್ದ ಹಾಗೆ, ಕರೆಂಟು ಹೋಗೋದೇ ಇಲ್ಲ ಅನ್ನಬೇಕು. ಅದೇ ಬಿಲ್ಲೆ ಸ್ವಲ್ಪ ಹಸಿ ಕುಡಿದರೆ ಹೋಗುತ್ತೆ. ಎಷ್ಟು ಹಸಿಗೆ ಎಷ್ಟು ಹೋಗುತ್ತೆ ಅನ್ನೋದೇ ಅವರ ಇಡೀ ವಿದ್ಯೆ. "ನಮ್ಮ ಮೈಯೊಳಗಿನ ಸಾಮಾನೂ ಇಂಥದ್ದೇ" ಅನ್ನುತ್ತಿದ್ದರು.

ಹಸಿಯನ್ನು ಅಳತೆಯಲ್ಲಿ ಕೊಡೋದಕ್ಕೇ ಸೀಸೆ. ಸೀಸೆಯ ತಳಕ್ಕೆ ಒಂದು ಜಾತಿಯ ಉಪ್ಪು, ಮೇಲೆ ಸ್ವಲ್ಪ ನೀರು, ಉಪ್ಪು ಕರಗದೆ ಉಳಿಯಬೇಕು. ಒಂದೊಂದು ಜಾತಿ ಉಪ್ಪು ಸೀಸೆಯೊಳಗಿನ ಗಾಳಿಯಲ್ಲಿ ಒಂದೊಂದು ಅಳತೆಯ ಹಸಿ ನಿಲ್ಲಿಸುತ್ತೆ. ಅದರ ಮೇಲೆ ಜಾಲರಿ ಇಟ್ಟು ಬಿಲ್ಲೆ ಇಟ್ಟರೆ ಅದು ಅಷ್ಟೇ ಕುಡಿಯುತ್ತೆ, ಹೆಚ್ಚಿಲ್ಲ ಕಮ್ಮಿಯಿಲ್ಲ. ಮದರಾಸಿನ ಗಾಳಿ ಹೊರಗೆ ಬೆವರು ಸುರಿಸುತ್ತಿದ್ದರೂ ಸೀಸೆಯೊಳಗೆ ಅದರದ್ದೇ ಊರು, ಅದರದ್ದೇ ಹವೆ.

ಯಾವ ಸೀಸೆಯಲ್ಲಿ ಯಾವ ಉಪ್ಪು ಅಂತ ಇಂಗ್ಲಿಷಿನಲ್ಲಿ ಬರೆದರೆ ನನಗೆ ತಿಳಿಯಬೇಕಲ್ಲ. ಸೀಸೆಗಳ ಕತ್ತಿಗೆ ದಾರ ಕಟ್ಟಿದೆ. ಎಲ್ಲಕ್ಕಿಂತ ಒಣ ಸೀಸೆಗೆ ಒಂದು ಗಂಟು, ಅದಕ್ಕಿಂತ ಹಸಿಗೆ ಎರಡು, ಹಾಗೆ ಏಳರ ತನಕ. ಬೆರಳಲ್ಲಿ ಮುಟ್ಟಿ ಹೇಳುತ್ತಿದ್ದೆ. ಮೇಡಂ ಕೂಡ "ಮೂರು ಗಂಟಿನದು ಕೊಡಿ ಮಾಮಿ" ಅನ್ನೋದು ಕಲಿತರು. ಓದೋಕೆ ಬಂದ ಹುಡುಗಿಯರೂ ಹಾಗೇ ಅನ್ನುತ್ತಿದ್ದರು. ಸೀಸೆ ಬೀರುವಿನ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಏಳು ವರ್ಷ.

ಒಂದು ದಿನ ಮೇಡಂ ಪೆಟ್ಟಿಗೆ ಮುಂದೆ ತಲೆ ಕೆರೆದುಕೊಂಡು ಕೂತಿದ್ದರು. "ನೋಡಿ ಮಾಮಿ, ಒಂದರಿಂದ ನಾಲ್ಕು ಗಂಟಿನ ತನಕ ಅಂಕಿ ಮೆಲ್ಲಗೆ ಏರುತ್ತೆ. ಐದಾದ ಮೇಲೆ ಹುಚ್ಚು ಹಿಡಿದ ಹಾಗೆ ಹಾರುತ್ತೆ. ಪಿಳ್ಳೆಗಳಿಗೆ ಹೇಗೆ ಹೇಳಿಕೊಡಲಿ?"

ನಾನು ಅಂದೆ, "ಅದರಲ್ಲೇನಿದೆ? ನಮ್ಮ ಮನೇಲಿ ಮುಸುರೆ ಅಂತೀವಿ, ಮುಟ್ಟಿದರೆ ಕೈ ತೊಳೀಬೇಕು. ಮೂಟೆಯ ಅಕ್ಕಿ ಯಾರು ಮುಟ್ಟಿದರೂ ಮುಸುರೆಯಿಲ್ಲ. ಅವಲಕ್ಕಿ, ಅರಳು, ಮುಸುರೆಯಿಲ್ಲ. ಅದೇ ಅಕ್ಕಿಗೆ ನೀರು ಹೊಯ್ದು ಬೇಯಿಸಿ, ಅನ್ನವಾಯಿತು, ಮುಸುರೆಯಾಯಿತು. ಅನ್ನ ಮುಟ್ಟಿದ ಕೈ ಮುಸುರೆ, ಆ ಕೈ ಮುಟ್ಟಿದ ಮಜ್ಜಿಗೆ ಪಾತ್ರೆ ಮುಸುರೆ, ಅಲ್ಲಿಂದ ಇನ್ನೊಂದಕ್ಕೆ. ಒಣಗಿದ್ದರಲ್ಲಿ ಹರಿಯಲ್ಲ, ನೀರು ಸೇರಿದರೆ ಹರಿಯುತ್ತೆ. ಸ್ವಲ್ಪ ನೀರು ಚಿಮುಕಿಸಿದ ಅಕ್ಕಿ ತಾನೇ ಕುಡಿದು ಕೂತಿರುತ್ತೆ, ಯಾರಿಗೂ ಕೊಡಲ್ಲ. ಕುಡಿದು ಮಿಕ್ಕಿದ ನೀರಿದೆಯಲ್ಲ, ಅದೇ ಊರು ಸುತ್ತೋದು."

ಮೇಡಂ ಎದ್ದು ನಿಂತುಬಿಟ್ಟರು. "ಅಯ್ಯೋ ಮಾಮಿ! ನನ್ನ ಪಾಟಿ ಪತ್ತು ಪತ್ತು ಅಂತ ಕೈಗೆ ಹೊಡೀತಿದ್ದರು, ಅದೇ ತಾನೇ ಇದು!" ಅವತ್ತೇ ಕ್ಲಾಸಿನಲ್ಲಿ ಹೇಳಿದರು. ಬಾಗಿಲ ಹೊರಗೆ ಬಕೆಟ್ಟು ಹಿಡಿದು ನಿಂತು ನಾನೇ ಕೇಳಿದೆ. ಮದುವೆಯ ದಿನ ಕೂಡ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಆಮೇಲೆ ಕಣ್ಣಿಗೆ ಪೊರೆ ಬಂತು. ಆಪರೇಷನ್ನು, ಮೂರು ವಾರ ಬಗ್ಗಬಾರದು, ಮುಖಕ್ಕೆ ನೀರು ತಾಗಬಾರದು ಅಂದರು. ನನ್ನ ಬದಲಿಗೆ ಯಾರನ್ನು ಕಳಿಸಲಿ? ಮೈದುನನ ಹೆಂಡತಿ, ನನ್ನ ಓರಗಿತ್ತಿ, "ನಾನು ಹೋಗಲಾ ಅಕ್ಕ? ಮನೇಲಿ ಕೂತು ಸಾಕಾಗಿದೆ" ಅಂದಳು. ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಪಿಯುಸಿ ಓದಿದ್ದಾಳೆ. ಅಕ್ಷರ ಅಚ್ಚು ಹಾಕಿದ ಹಾಗಿರುತ್ತೆ. ಅವಳು ಈ ಮನೆಗೆ ಕಾಲಿಟ್ಟ ದಿನವೇ ಅತ್ತೆ ಊರಿನ ಕಾಗದವನ್ನೆಲ್ಲ ಅವಳ ಕೈಗೆ ಕೊಟ್ಟು ಓದಿಸಿಕೊಂಡರು. ಅದಕ್ಕೆ ಮುಂಚೆ ನಾನು ಎಡವಿ ಎಡವಿ ಓದುತ್ತಿದ್ದೆ. ಅವತ್ತಿನಿಂದ ನನ್ನನ್ನು ಯಾರೂ ಕೇಳಲಿಲ್ಲ. ಇದೆಲ್ಲ ಗೊತ್ತಿದ್ದೂ ಅವಳನ್ನೇ ಕಳಿಸಿದೆ. ನನ್ನ ಬುದ್ಧಿಗೆ ನಾನೇ ಮಣ್ಣು ಹಾಕಿಕೊಂಡೆ.

ಮೂರು ವಾರ ಕಳೆದು ಕಪ್ಪು ಕನ್ನಡಕ ಹಾಕಿಕೊಂಡು ಹೋದೆ. ಬೀರು ತೆರೆದಿತ್ತು. ಸೀಸೆಗಳ ಕತ್ತಿನಲ್ಲಿ ದಾರವಿಲ್ಲ. ಹೊಟ್ಟೆಯ ಮೇಲೆ ಬಿಳಿ ಚೀಟಿ, ಅದರ ಮೇಲೆ ಸಾಲಾಗಿ ಇಂಗ್ಲಿಷು.

"ದಾರ ಎಲ್ಲಿ?" ಅಂದೆ.

"ಕೊಳೆಯಾಗಿತ್ತು ಅಕ್ಕ, ತೆಗೆದೆ" ಅಂದಳು. ಅವಳ ಸೊಂಟದಲ್ಲಿ ಬೀಗದ ಕೈ.

ಮೇಡಂ ಬಂದರು. "ಬಂದ್ರಾ ಪಾಟಿ! ಕಣ್ಣು ಹೇಗಿದೆ?" ಆಮೇಲೆ ಅವಳ ಕಡೆ ತಿರುಗಿ, "ಮಾಮಿ, ನಿನ್ನೆ ರೀಡಿಂಗ್ ಬರೆದಿರಾ?" ಅಂದರು. ಅವಳು ಮಾಮಿಯಾದಳು, ನಾನು ಪಾಟಿಯಾದೆ. ಮೂರೇ ವಾರದಲ್ಲಿ.

ಮೇಡಂ ಇಬ್ಬರನ್ನೂ ಇಟ್ಟುಕೊಂಡರು. ನೆಲ, ತೊಳೆಯೋದು ನನಗೆ. ಸೀಸೆ, ಬಿಲ್ಲೆ, ನೋಟ್‌ಬುಕ್ಕು ಅವಳಿಗೆ. ಏಳು ವರ್ಷದಲ್ಲಿ ನಾನು, ಮೊಟ್ಟೆಯದ್ದು ಅಂತ, ಬಿಲ್ಲೆಯನ್ನು ಚಿಮಟದಲ್ಲೂ ಮುಟ್ಟಿರಲಿಲ್ಲ. ಅವಳು ಗ್ಲೌಸು ಹಾಕಿಕೊಂಡು ಸಂಜೆ ಹೊತ್ತು ಬಿಲ್ಲೆಯನ್ನು ಅಳೆಯುವ ಡಬ್ಬಿಯಲ್ಲಿ ಕೂರಿಸಿ, ತಳದಲ್ಲಿ ಅದೇ ಸೀಸೆಯ ಉಪ್ಪಿಟ್ಟು, ಮುಚ್ಚಳ ಹಾಕಿ ಬರುತ್ತಿದ್ದಳು. ರಾತ್ರಿಯೆಲ್ಲ ಹದವಾಗಬೇಕು, ಬೆಳಿಗ್ಗೆ ಒಂಬತ್ತೂವರೆಗೆ ಮೇಡಂ ಅಂಕಿ ನೋಡುತ್ತಾರೆ. ಹೀಗೆ ಎರಡು ತಿಂಗಳು ಕಳೆಯಿತು. ಒಂದು ದಿನ ಮೇಡಂ ಇಬ್ಬರನ್ನೂ ಕೂರಿಸಿ, "ಮುಂದಿನ ವರ್ಷದ ಪ್ರಾಜೆಕ್ಟಿಗೆ ಒಬ್ಬರಿಗೇ ಜಾಗ. ತಿಂಗಳ ಕೊನೆಗೆ ಹೇಳ್ತೀನಿ" ಅಂದರು. ಹೇಳೋದೇನಿದೆ? ಬೀಗದ ಕೈ ಯಾರ ಸೊಂಟದಲ್ಲಿದೆಯೋ ಅವರಿಗೆ. ನನಗೆ ಹಿಂದಿನ ಪೋರ್ಷನ್ನಿನ ಗೋಡೆ.

ಅಷ್ಟಕ್ಕೇ ಬಿಟ್ಟಿದ್ದರೆ ಹೊಟ್ಟೆ ಉರಿದುಕೊಂಡು ಸುಮ್ಮನಿರುತ್ತಿದ್ದೆನೋ ಏನೋ. ಆ ಶುಕ್ರವಾರ ಬೇರೆ ಊರಿನ ನಾಲ್ಕು ಜನ ದೊಡ್ಡವರು ಲ್ಯಾಬು ನೋಡೋಕೆ ಬಂದರು. ಮೇಡಂ ಅವರಿಗೆ ಅಂಕಿ ಹಾರೋ ಕಥೆ ಹೇಳುತ್ತ, "ನಮ್ಮ ಮಾಮಿ ಇದಕ್ಕೆ ಒಂದು ಮಾತು ಹೇಳ್ತಾರೆ, ಕೇಳಿ" ಅಂತ ಮುಸುರೆ ವಿಷಯ ಎತ್ತಿದರು. ಎತ್ತಿ, ಕೈ ತೋರಿಸಿದ್ದು ಯಾರ ಕಡೆ? ಬಿಳಿ ಕೋಟು ಹಾಕಿಕೊಂಡು ಪೆಟ್ಟಿಗೆ ಪಕ್ಕ ನಿಂತಿದ್ದ ಓರಗಿತ್ತಿಯ ಕಡೆ. ಅವರೆಲ್ಲ ಅವಳನ್ನು ನೋಡಿ ತಲೆದೂಗಿದರು. ಅವಳು ಅಲ್ಲ ಅನ್ನಲಿಲ್ಲ. ಹಲ್ಲು ಬಿಟ್ಟು ನಕ್ಕಳು. ನಾನು ಮೂರು ಮಾರು ದೂರದಲ್ಲಿ ಒರೆಸುವ ಕೋಲು ಹಿಡಿದು ನಿಂತಿದ್ದೆ.

ಸೋಮವಾರ ಏಳೂ ನಲವತ್ತರ ಲೋಕಲ್ಲಿಗೆ ಹೋದೆ. ಅವಳು ಮಕ್ಕಳಿಗೆ ಡಬ್ಬಿ ಕಟ್ಟಿ ಒಂಬತ್ತಕ್ಕೆ ಬರುವವಳು. ಲ್ಯಾಬಿನಲ್ಲಿ ಯಾರೂ ಇಲ್ಲ. ಬೀರುವಿಗೆ ಬೀಗ, ಆದರೆ ಅಳೆಯುವ ಡಬ್ಬಿ ಮೇಜಿನ ಮೇಲಿತ್ತು. ಮುಚ್ಚಳ ತೆಗೆದೆ. ಎರಡು ಗಂಟಿನ ಬಿಲ್ಲೆ, ಚೆನ್ನಾಗಿ ಒಣಗಿದ್ದು. ಕನ್ನಡಕ ಒರೆಸೋಕೆ ಮುಂಚೆ ಬಿಡುತ್ತೇವಲ್ಲ, ಹಾಗೆ ಬಾಯಿ ಅಗಲಿಸಿ ಹಾ ಅಂತ ಉಸಿರು ಬಿಟ್ಟೆ. ಐದು ಸಲ. ಮನೆಯ ಹೊಸಿಲ ಒಳಗೆ ಮೊಟ್ಟೆ ತರದವಳು ನಾನು. ಮುಖ ಅಷ್ಟು ಹತ್ತಿರ ತಂದೆ. ಮುಚ್ಚಳ ಹಾಕಿ ನೆಲ ಒರೆಸಿದೆ.

ಒಂಬತ್ತೂವರೆಗೆ ಅಂಕಿ ಎಲ್ಲಿರಬೇಕೋ ಅದಕ್ಕಿಂತ ಎಷ್ಟೋ ಮೇಲೆ ಕೂತಿತ್ತು. ಮೇಡಂ ಹುಬ್ಬು ಗಂಟಿಕ್ಕಿದರು. ಮಧ್ಯಾಹ್ನದ ಹೊತ್ತಿಗೆ ತಾನೇ ಇಳಿದು ಹಳೇ ಜಾಗಕ್ಕೆ ಬಂತು. ಮಂಗಳವಾರ ಮತ್ತೆ ಊದಿದೆ. "ಮಾಮಿ, ಗ್ಲೌಸ್ ಹಾಕಿದ್ರಾ ನಿಜವಾಗಿ?" ಅಂತ ಕೇಳಿದರು. ಅವಳ ಅಂಗೈ ಬೆವರೋದು ಎಲ್ಲರಿಗೂ ಗೊತ್ತು, ಬಸ್ಸಿನ ಟಿಕೆಟ್ಟು ಅವಳ ಕೈಯಲ್ಲಿ ಹಪ್ಪಳದ ಹಿಟ್ಟಾಗುತ್ತೆ. "ಹಾಕಿದ್ದೆ ಮೇಡಂ, ಸತ್ಯವಾಗಿ" ಅಂದಳು. ಆ ಸಂಜೆ ಮನೆಯಲ್ಲಿ ಅವಳು ಒಲೆಯ ಮುಂದೆ ಎರಡೂ ಅಂಗೈ ಚಾಚಿ ಕಾಯಿಸಿಕೊಳ್ಳುತ್ತಿದ್ದಳು. ಅವಳ ಮಗಳು, "ಎನ್ನಮ್ಮಾ, ಚಪಾತಿಯಾ ಸುಡರೇ?" ಅಂತ ನಕ್ಕಳು. ಕೈಯನ್ನೇ ಚಪಾತಿ ಸುಟ್ಟ ಹಾಗೆ ಸುಡುತ್ತಿದ್ದೀಯಾ ಅಂತ. ನನಗೆ ಅಯ್ಯೋ ಅನ್ನಿಸಲಿಲ್ಲ. ಚೆನ್ನಾಗಿ ಸುಡು ಅನ್ನಿಸಿತು.

ಬುಧವಾರ ಮೂರನೇ ಸಲ. ಮೇಡಂ ನೋಟ್‌ಬುಕ್ಕು ಮೇಜಿಗೆ ಕುಕ್ಕಿದರು. "ಮೂರು ದಿನ ವೇಸ್ಟ್. ಕೀ ಪಾಟಿ ಹತ್ತಿರ ಕೊಡಿ. ಇವತ್ತು ಸಂಜೆ ಅವರೇ ಬಿಲ್ಲೆ ಕೂರಿಸಲಿ."

ಬೀಗದ ಕೈ ನನ್ನ ಸೊಂಟಕ್ಕೆ ಬಂತು. ಅವಳ ಮೈಯ ಬಿಸಿ ಇನ್ನೂ ಅದರಲ್ಲಿತ್ತು. ಗ್ಲೌಸು ಹಾಕಿ, ಚಿಮಟದಲ್ಲಿ ಬಿಲ್ಲೆ ಎತ್ತಿ ಕೂರಿಸಿದೆ. ಗುರುವಾರ ಬೆಳಿಗ್ಗೆ ನಾನು ಊದಲಿಲ್ಲ. ಅಂಕಿ ಇರಬೇಕಾದ ಜಾಗದಲ್ಲೇ ಇತ್ತು. "ಪಾಟಿ ಕೈಯೇ ಕೈ!" ಅಂದರು ಮೇಡಂ. ಹುಡುಗಿಯರು ಚಪ್ಪಾಳೆ ಹೊಡೆದರು. ಸೀಸೆಗಳ ಕತ್ತಿಗೆ ಮತ್ತೆ ದಾರ ಕಟ್ಟಿದೆ, ಗಂಟು ಎಣಿಸಿ ಎಣಿಸಿ.

ಓರಗಿತ್ತಿ ಅಳುವವಳಲ್ಲ. ಅದೇ ಮಧ್ಯಾಹ್ನ ಮೇಡಂ ಮುಂದೆ ನಿಂತು, "ನನ್ನ ಕೈಯೇ ತಪ್ಪು ಅಂತ ನೀವು ಅಂದ್ರಿ. ಹಾಗಾದ್ರೆ ಒಂದು ಹಳೇ ಬಿಲ್ಲೆ ಕೊಡಿ. ಗ್ಲೌಸ್ ಇಲ್ಲದೆ ಬೆರಳು ಒತ್ತುತ್ತೀನಿ. ಅಂಕಿ ಆ ಮೂರು ದಿನದ ಹಾಗೇ ಆಡುತ್ತಾ ನೋಡೋಣ" ಅಂದಳು. ಪಿಯುಸಿ ಓದಿದ ಬುದ್ಧಿ. ನನಗೆ ಹೊಳೆಯುತ್ತಿತ್ತಾ ಅದು? ಇಲ್ಲ. ಅದಕ್ಕೂ ಹೊಟ್ಟೆ ಉರಿಯಿತು.

ಮೇಡಂ ಒಪ್ಪಿದರು. ಅವಳು ಒತ್ತಿದಳು. ಅಂಕಿ ಏರಿತು. ಆ ಬಿಲ್ಲೆಯನ್ನು ಒಂದು ಗಂಟಿನ ಸೀಸೆಯಲ್ಲಿ, ಎಲ್ಲಕ್ಕಿಂತ ಒಣದರಲ್ಲಿ, ಶನಿವಾರದ ತನಕ ಇಟ್ಟವಳು ನಾನೇ. ಆಮೇಲೆ ತೆಗೆದು, ಮುಂಚಿನ ಹಾಗೇ ಎರಡು ಗಂಟಿನ ಹದಕ್ಕೆ ತಂದು ಸೋಮವಾರ ಸಂಜೆ ಅಳೆದರು. ಅಂಕಿ ಸ್ವಲ್ಪ ಇಳಿದಿತ್ತು, ಹಳೇ ಜಾಗಕ್ಕೆ ಬಂದಿರಲಿಲ್ಲ.

"ನೋಡಿ" ಅಂದರು ಮೇಡಂ, ಯಾರಿಗೆ ಅಂತಿಲ್ಲದೆ. "ಬೆವರಲ್ಲಿ ಉಪ್ಪಿದೆ. ನೀರು ಆರಿದರೂ ಉಪ್ಪು ಅಲ್ಲೇ ಕೂತಿರುತ್ತೆ, ಅಂಕಿ ಪೂರ್ತಿ ಇಳಿಯಲ್ಲ. ಆ ಮೂರು ದಿನ ಮಧ್ಯಾಹ್ನಕ್ಕೆ ಪೂರ್ತಿ ಇಳಿದಿತ್ತು. ಅದು ಬೆವರಲ್ಲ. ಶುದ್ಧ ನೀರು. ಆವಿಯಾಗಿ ಬಂದ ನೀರು." ಎದ್ದು ಏಸಿ ನೋಡಿದರು, ಸೂರು ನೋಡಿದರು. "ಪಾಟಿ, ಬಿಸಿನೀರಲ್ಲಿ ನೆಲ ಒರೆಸ್ತೀರಾ?"

"ಇಲ್ಲಮ್ಮ. ತಣ್ಣೀರು."

"ಸಾರಿ ಮಾಮಿ" ಅಂದರು ಅವಳಿಗೆ. "ನಾಳೆ ಯೋಚನೆ ಮಾಡೋಣ."

ವಾಪಸ್ಸು ಬರುವಾಗ ಲೋಕಲ್ಲಿನಲ್ಲಿ ಕೂರೋಕೆ ಜಾಗ ಸಿಕ್ಕಿತು. ಇಬ್ಬರೂ ಅಕ್ಕಪಕ್ಕ. ಮೀನಂಬಾಕ್ಕಂ ದಾಟಿದ ಮೇಲೆ ಅವಳು ಕಿಟಕಿಯ ಹೊರಗೇ ನೋಡುತ್ತ ಅಂದಳು, "ಲವಂಗ."

"ಏನು ಲವಂಗ?"

"ಡಬ್ಬಿ ಮುಚ್ಚಳ ತೆಗೆದಾಗ ಲವಂಗದ ವಾಸನೆ ಬಂತು ಅಕ್ಕ. ಮೂರು ದಿನವೂ."

ನನ್ನ ಎಡಗಡೆಯ ದವಡೆ ಹಲ್ಲು ವರ್ಷದಿಂದ ಹುಳುಕು. ಹಗಲೆಲ್ಲ ಅಲ್ಲಿ ಒಂದು ಲವಂಗ ಒತ್ತಿಕೊಂಡಿರುತ್ತೇನೆ. ಆಗಲೂ ಇತ್ತು. ನಾಲಿಗೆಯಲ್ಲಿ ಅದನ್ನು ಈ ಕಡೆಯಿಂದ ಆ ಕಡೆಗೆ ತಳ್ಳಿದೆ.

"ಮೇಡಂಗೆ ಹೇಳಿದೆಯಾ?"

"ಇಲ್ಲ. ಹೇಳಲ್ಲ. ಮನೆ ಮಾತು ಮನೇಲಿರಲಿ. ಕೀ ನೀವೇ ಇಟ್ಕೊಳ್ಳಿ."

"ಮುಸುರೆ ಮಾತು ನಂದು. ನೀನು ಯಾಕೆ ಸುಮ್ಮನಿದ್ದೆ?"

ಅವಳು ತಿರುಗಿ ನನ್ನನ್ನು ನೋಡಿದಳು. "ಅದಕ್ಕಾ? ನಂದಲ್ಲ, ಅಕ್ಕಂದು ಅಂತ ಹೇಳೋಣ ಅಂತ ನೋಡಿದೆ. ನೀವು ಕೋಲು ತಗೊಂಡು ಆಚೆ ಹೋಗಿಬಿಟ್ಟಿದ್ರಿ." ಆಮೇಲೆ ಮತ್ತೆ ಕಿಟಕಿಯ ಕಡೆ ತಿರುಗಿ, "ಹೇಳಬೇಕಿತ್ತು. ನನಗೂ ಆಸೆಯಾಯಿತು" ಅಂದಳು.

ಇಬ್ಬರೂ ಮಾಂಬಲಂನಲ್ಲಿ ಇಳಿದು, ಅವಳು ಅರ್ಧ ಕಟ್ಟು ಕೀರೆ ಸೊಪ್ಪು, ನಾನು ಅರ್ಧ ಕಟ್ಟು ತೆಗೆದುಕೊಂಡು ಮನೆಗೆ ಹೋದೆವು.

ಅವಳು ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಹೇಳಲ್ಲ ಅಂದಳಲ್ಲ, ಅದು ಮುಗಿಯುವಂಥದ್ದಲ್ಲ. ಓದು ಅವಳಿಗೆ, ಅಕ್ಷರ ಅವಳಿಗೆ, ಅತ್ತೆಯ ಪ್ರೀತಿ ಅವಳಿಗೆ, ಈಗ ದೊಡ್ಡ ಮನಸ್ಸೂ ಅವಳಿಗೇ. ನಾನು ಅವಳು ಬಿಟ್ಟುಕೊಟ್ಟ ಬೀಗದ ಕೈ ಸಿಕ್ಕಿಸಿಕೊಂಡು ಓಡಾಡಬೇಕು, ಅವಳು ಮುಂದಿನ ಪೋರ್ಷನ್ನಿನಿಂದ ದಿನಾ ನೋಡಬೇಕು. ಸಾಧ್ಯವಿಲ್ಲ. ಇದನ್ನು ಪಶ್ಚಾತ್ತಾಪ ಅಂತ ಯಾರೂ ತಿಳಿಯಬೇಡಿ. ಅವಳ ಹಂಗು ಬೇಡವಾಗಿತ್ತು, ಅಷ್ಟೇ.

ಮಂಗಳವಾರ ಬೀಗದ ಕೈ ಮೇಡಂ ಮೇಜಿನ ಮೇಲಿಟ್ಟು, "ಊದಿದ್ದು ನಾನು" ಅಂದೆ.

ಮೇಡಂ ಬೈಯಲಿಲ್ಲ. ನನ್ನ ಮುಖ ನೋಡಿದರು, ನೋಟ್‌ಬುಕ್ಕು ತೆಗೆದರು, ಪೆನ್ನಿನ ಮುಚ್ಚಳ ತೆಗೆದರು. "ಎಷ್ಟು ಗಂಟೆಗೆ?"

"ಎಂಟೂಕಾಲು."

"ಎಷ್ಟು ಸಲ?"

"ಐದು. ಬುಧವಾರ ಎಂಟು."

"ಎಷ್ಟು ದೂರದಿಂದ?"

ಬೆರಳಲ್ಲಿ ತೋರಿಸಿದೆ. ಅದನ್ನೂ ಸ್ಕೇಲು ಇಟ್ಟು ಅಳೆದು ಬರೆದುಕೊಂಡರು. ಆ ಮೂರು ದಿನದ ಅಂಕಿಯ ಪಕ್ಕದಲ್ಲಿ ಕೆಂಪು ಗೆರೆ ಎಳೆದರು. ಆಮೇಲೆ, "ಯಾಕೆ ಪಾಟಿ?" ಅಂದರು.

"ಮುಸುರೆ ಮಾತು ಹೇಳಿದ್ದು ನಾನು. ನೀವು ಅವಳನ್ನು ತೋರಿಸಿದಿರಿ."

"ಯಾವ ಮಾತು?" ಅಂದರು ಮೇಡಂ. ಅವರಿಗೆ ನಿಜವಾಗಿ ನೆನಪಿರಲಿಲ್ಲ. ನಾನು ಬಿಡಿಸಿ ಹೇಳಿದೆ, ಅಕ್ಕಿ, ಅನ್ನ, ಮಜ್ಜಿಗೆ ಪಾತ್ರೆ. "ಓ, ಅದಾ!" ಅಂದರು. "ಅದು ಯಾರು ಹೇಳಿದ್ದು ಅಂತ ನಾನು ಯೋಚನೆಯೇ ಮಾಡಿರಲಿಲ್ಲ ಪಾಟಿ. ಮನೇಲಿ ಎಲ್ಲರೂ ಹೇಳೋದು ತಾನೇ ಅಂದ್ಕೊಂಡೆ."

ತಿಂಗಳ ಕೊನೆಯ ತನಕ ಬನ್ನಿ ಅಂದರು. ಹೋದೆ. ಬೆಳಿಗ್ಗೆ ಬೇಗ ಹೋಗಲಿಲ್ಲ, ಓರಗಿತ್ತಿಯ ಜೊತೆಗೇ ಒಂಬತ್ತಕ್ಕೆ. ಬೀಗದ ಕೈ ಅವಳಿಗೆ ಹೋಯಿತು. ಕೊನೆಯ ದಿನ ಮೇಡಂ ಒಂದು ಸೀರೆ ಕೊಡೋಕೆ ಬಂದರು. "ಸೀರೆ ಬೇಡ, ನನ್ನ ಸೀಸೆಯಲ್ಲಿ ಒಂದು ವಾಪಸ್ಸು ಕೊಡಿ" ಅಂದೆ. ಏಳು ಗಂಟಿನದು ಕೊಟ್ಟರು. ಅದಕ್ಕೆ ಅವರಿಗೆ ಆಗ ಅಷ್ಟು ಕೆಲಸವಿರಲಿಲ್ಲ. ತೊಳೆದು ಬಿಸಿಲಿಗೆ ಎರಡು ದಿನ ಇಟ್ಟೆ.

ಈಗ ಅವಳು ದಿನಾ ಹೋಗುತ್ತಾಳೆ. ನಾನು ಅಂಕಿ ಎಷ್ಟು ಬಂತು ಅಂತ ಕೇಳಲ್ಲ, ಅವಳು ಹೇಳಲ್ಲ. ಸೀಸೆಗಳ ಕತ್ತಿನಲ್ಲಿ ದಾರ ಇದೆಯಾ ಅಂತಲೂ ಕೇಳಿಲ್ಲ.

ದೀಪಾವಳಿ ಹೊತ್ತಿಗೆ ಐಪ್ಪಸಿ ತಿಂಗಳ ಮಳೆ ಹಿಡಿದಾಗ ಈ ಬೀದಿಯಲ್ಲಿ ಎಲ್ಲರ ಮನೆ ಹಪ್ಪಳವೂ ಮೆತ್ತಗಾಗುತ್ತೆ. ನನ್ನ ಸೀಸೆಯೊಳಗಿನದು ಆಗಲ್ಲ. ತಳದಲ್ಲಿ ಹಸಿ ಕುಡಿಯೋಕೆ ಹುರಿದ ಅಕ್ಕಿಯ ಗಂಟು, ಅದರ ಮೇಲೆ ಬಟ್ಟೆ ಮಡಿಸಿ ಮುಚ್ಚಿದ್ದೇನೆ, ಹೊರಗೆ ಕಾಣಲ್ಲ. ಹೋದ ವಾರ ಓರಗಿತ್ತಿ ಊಟಕ್ಕೆ ಕೂತು ನನ್ನ ಹಪ್ಪಳ ಮುರಿದಳು. ಚಟ್ ಅಂತು.

"ಹೇಗೆ ಅಕ್ಕ, ಈ ಮಳೇಲಿ?" ಅಂದಳು.

ಲ್ಯಾಬಿನಲ್ಲಿ ಅಷ್ಟು ಕಲಿತವಳಿಗೆ ಗೊತ್ತಿರಲ್ವಾ? ಗೊತ್ತಿದ್ದೂ ಕೇಳಿದಳು. ನಾನು ಹೇಳಲಿಲ್ಲ.